ಗುಳೆ ಬಂದ ಮಗು ಶಾಲೆಯಲ್ಲೇ ಉಳಿಯಬೇಕಾದರೆ: ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್‌ನಲ್ಲಿ ದಾಖಲಾತಿ ಆಂದೋಲನ ಜೋರಾಗಿ ನಡೆಯುತ್ತದೆ. ಕಟ್ಟಡ ಕಾರ್ಮಿಕರ ಶೆಡ್ಡುಗಳಿಂದ ಮಕ್ಕಳು ಬರುತ್ತಾರೆ. ದಸರಾ ರಜೆ ಮುಗಿಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಕಾಣಿಸುವುದೇ ಇಲ್ಲ. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಹೊಸ ಕುಟುಂಬಗಳು ಬಂದಾಗ ‘ಈಗ ಆಗಲ್ಲ, ಮುಂದಿನ ಜೂನ್‌ಗೆ ಬನ್ನಿ’ ಎಂದು ಕಳಿಸಿಬಿಡುತ್ತೇವೆ. ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ನೇಪಾಳದ ಮಕ್ಕಳ ಕಥೆಯೂ ಇದೇ, ಜೊತೆಗೆ ಭಾಷೆಯ ಗೋಡೆ ಬೇರೆ. ಮಗುವಿಗೆ ಪ್ರವೇಶ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದರಿಂದಲೇ ಈ ಸೋಲು. ಮಗು ತಪ್ಪಿಹೋಗುವುದು ಹೆಚ್ಚಾಗಿ ಎರಡು ಊರಿನ ರಿಜಿಸ್ಟರ್‌ಗಳ ನಡುವೆ.

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಶಾಲೆಯ ಜೊತೆ ನಿಂತ ಸ್ವಯಂಸೇವಕರು ಈ ಹಂತಗಳನ್ನು ಇದೇ ಕ್ರಮದಲ್ಲಿ ಪಾಲಿಸಿ. ಕ್ರಮ ತಪ್ಪಿದರೆ ಒಂದರ ತೊಡಕು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಮೊದಲು ಕೈಯಲ್ಲಿರಬೇಕಾದದ್ದು

ಒಂದು ಉದ್ದನೆಯ ನೋಟ್‌ಬುಕ್, ‘ಬಂದವರು-ಹೋದವರು’ ಎಂದು ಅದರ ಮೇಲೆ ಬರೆದಿರಲಿ. ಖಾಲಿ ಪ್ರವೇಶ ಅರ್ಜಿಗಳು, ವಯಸ್ಸಿನ ಬಗ್ಗೆ ಪೋಷಕರ ಘೋಷಣೆಯ ಒಂದು ಪುಟದ ನಮೂನೆ, ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮತ್ತು ಹತ್ತಿರದ ಅಂಗನವಾಡಿ ಕಾರ್ಯಕರ್ತೆಯ ಫೋನ್ ನಂಬರ್‌ಗಳು. ಹಿಂದಿ, ತೆಲುಗು, ಬಂಗಾಳಿಗಳಲ್ಲಿ ನಿಮ್ಮ ಪ್ರದೇಶಕ್ಕೆ ಬೇಕಾದ ಭಾಷೆ ಬಲ್ಲ ಒಬ್ಬರು. ಅವರು ಶಿಕ್ಷಕರೇ ಆಗಬೇಕಿಲ್ಲ. ಎಂಟನೇ ತರಗತಿ ವಿದ್ಯಾರ್ಥಿಯ ತಾಯಿಯೂ ಆಗಬಹುದು.

ಮುಂದಿನದು ಹೊಣೆ ವಹಿಸುವುದು. ಶಾಲೆಯಲ್ಲಿ ಒಬ್ಬ ಶಿಕ್ಷಕರ ಹೆಸರಿಗೆ ಈ ಕೆಲಸ ಬರೆದಿಡಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ಹಂತ 1: ಶೆಡ್ಡಿಗೆ ಹೋಗುವುದು, ಅದೂ ಸರಿಯಾದ ಹೊತ್ತಿಗೆ

ಕಟ್ಟಡ ಕೆಲಸದವರು ಬೆಳಗ್ಗೆ ಬೇಗನೆ ಸೈಟಿಗೆ ಹೋದರೆ ಮರಳುವುದು ಕತ್ತಲಾಗುವ ಹೊತ್ತಿಗೆ. ಹನ್ನೊಂದು ಗಂಟೆಗೆ ಸಮೀಕ್ಷೆಗೆ ಹೋದ ಶಿಕ್ಷಕರಿಗೆ ಸಿಗುವುದು ತಂತಿ ಸುತ್ತಿದ ತಗಡಿನ ಬಾಗಿಲು, ಇಲ್ಲವೇ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ಎಂಟು ವರ್ಷದ ಹುಡುಗಿ. ಆ ಹುಡುಗಿಯೇ ನೀವು ಹುಡುಕುತ್ತಿರುವ ಮಗು. ಆದರೆ ತೀರ್ಮಾನ ಮಾಡುವವರು ಅಲ್ಲಿರುವುದಿಲ್ಲ. ಬಟವಾಡೆ ಭಾನುವಾರವಿದ್ದರೆ ಅಂದು ಬೆಳಗ್ಗೆ ಹೋಗಿ, ಇಲ್ಲವಾದರೆ ಸಂಜೆ ಏಳರ ಮೇಲೆ.

ಸೈಟಿನ ಒಳಗೆ ಹೋಗಲು ಮೇಸ್ತ್ರಿಯ ಒಪ್ಪಿಗೆ ಬೇಕಾಗುತ್ತದೆ, ಕೇಳಿ. ಆದರೆ ಅರ್ಜಿಯಲ್ಲಿ ‘ಪೋಷಕರು’ ಎಂಬಲ್ಲಿ ಮೇಸ್ತ್ರಿಯ ಹೆಸರು, ಮೇಸ್ತ್ರಿಯ ನಂಬರ್ ಬರೆಯಬೇಡಿ. ಕೂಲಿ ವಿಷಯಕ್ಕೆ ಜಗಳವಾಗಿ ಕುಟುಂಬ ಹೊರಟರೆ ಆ ನಂಬರ್‌ನಿಂದ ನಿಮಗೇನೂ ಗೊತ್ತಾಗುವುದಿಲ್ಲ.

ಕೇಳಬೇಕಾದದ್ದು ಇಷ್ಟು: ಮಗುವಿನ ಹೆಸರು, ತಾಯಿ ತಂದೆಯ ಹೆಸರು, ಊರು-ತಾಲೂಕು, ಹಿಂದೆ ಓದಿದ ಶಾಲೆ ಮತ್ತು ತರಗತಿ, ಮನೆಮಾತು, ಚಿಕ್ಕ ಮಕ್ಕಳು ಎಷ್ಟು, ಇಲ್ಲಿಯ ಕೆಲಸ ಎಲ್ಲಿಯವರೆಗೆ. ಫೋನ್ ನಂಬರ್ ಎರಡು ಬೇಕು. ಒಂದು ಇಲ್ಲಿಯದು, ಇನ್ನೊಂದು ಊರಲ್ಲಿರುವ ಅಜ್ಜಿಯದೋ ಚಿಕ್ಕಪ್ಪನದೋ. ಇಲ್ಲಿಯ ಸಿಮ್ ಬದಲಾಗುತ್ತಲೇ ಇರುತ್ತದೆ, ಊರಿನ ನಂಬರ್ ಉಳಿಯುತ್ತದೆ. ಮುಂದೆ ಎಂಟನೇ ಹಂತದಲ್ಲಿ ನಿಮ್ಮ ಕೈ ಹಿಡಿಯುವುದು ಆ ಎರಡನೆಯ ನಂಬರೇ.

ದಾರಿಯನ್ನೂ ನಡೆದು ನೋಡಿ. ಐದನೇ ತರಗತಿಯವರೆಗೆ 1 ಕಿಲೋಮೀಟರ್, ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಅಳತೆಗಿಂತ ದೊಡ್ಡ ಅಡ್ಡಿ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆಯಂಥವನ್ನು ದಾಟುವುದು. ಒಂದೇ ಸೈಟಿನ ಮಕ್ಕಳು ಗುಂಪಾಗಿ, ಒಬ್ಬ ದೊಡ್ಡವರ ಜೊತೆ ನಡೆದು ಬರುವ ಏರ್ಪಾಡು ಮೊದಲ ದಿನದಿಂದಲೇ ಇರಲಿ. ಬಸ್ ಬೇಕಾದವರಿಗೆ ಒಂದು ಎಚ್ಚರಿಕೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಒಡಿಶಾದ ವಿಳಾಸವಿರುವ ತಾಯಿ ಮಗಳನ್ನು ಬಿಡಲು ಬಂದರೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಹತ್ತಿರದ ಶಾಲೆಯನ್ನೇ ಆರಿಸಬಹುದು.

ಹಂತ 2: ಬಂದ ದಿನವೇ ದಾಖಲಾತಿ

ಹೆಚ್ಚು ಮಕ್ಕಳು ಹಿಂದೆ ಹೋಗುವುದು ಇಲ್ಲಿಯೇ. ‘ಟಿಸಿ ತನ್ನಿ, ಆಧಾರ್ ತನ್ನಿ, ಜನನ ಪತ್ರ ತನ್ನಿ’ ಎಂದು ಮೂರು ಸಲ ಅಲೆಸಿದರೆ ತಂದೆ ಮೂರು ದಿನದ ಕೂಲಿ ಕಳೆದುಕೊಳ್ಳುತ್ತಾನೆ. ನಾಲ್ಕನೆಯ ಸಲ ಅವನು ಬರುವುದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಕಚೇರಿಯ ಗೋಡೆಗೆ ಅಂಟಿಸಿ. ಸೆಕ್ಷನ್ 5: ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಕೇಳಿದ ತಕ್ಷಣ ಟಿಸಿ ಕೊಡದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಸೆಕ್ಷನ್ 14: ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. ಸೆಕ್ಷನ್ 15: ಶೈಕ್ಷಣಿಕ ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಸೆಕ್ಷನ್ 9: ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಾತರಿಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಆಧಾರ್ ವಿಷಯದಲ್ಲಿ 2018ರ ಸೆಪ್ಟೆಂಬರ್ ತಿಂಗಳ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟವಾಗಿದೆ: ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ.

ದಾಖಲೆ ಇಲ್ಲದ ಮಗುವಿನ ಹುಟ್ಟಿದ ದಿನಾಂಕ ಬರೆಯುವಾಗ ಅವಸರ ಮಾಡಬೇಡಿ. ಎಲ್ಲರಿಗೂ ‘ಜೂನ್ 1’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಅದೇ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿವರೆಗೆ ಹೋಗುತ್ತದೆ. ಮುಂದೆ ಆಧಾರ್‌ನಲ್ಲಿ ಬೇರೆ ದಿನಾಂಕ ಬಂದಾಗ ತಿದ್ದಿಸುವ ತಾಪತ್ರಯ ಮಗುವಿನ ತಲೆಗೇ ಬರುತ್ತದೆ. ಮೊದಲು ತಾಯಿ ಕಾರ್ಡ್ (ಬಸುರಿಯಾದಾಗ ಕೊಡುವ ಆರೋಗ್ಯ ದಾಖಲೆ) ಇದೆಯೇ ಕೇಳಿ. ಅಕ್ಕಿ ಡಬ್ಬಿಯ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಅದು ಇರುವುದುಂಟು. ಇಲ್ಲದಿದ್ದರೆ ಊರಿನ ಅಂಗನವಾಡಿ ದಾಖಲೆ ಅಥವಾ ಆಸ್ಪತ್ರೆಯ ಚೀಟಿ. ಅದೂ ಇಲ್ಲದಿದ್ದರೆ ತಾಯಿಯ ಜೊತೆ ಕೂತು ಕೇಳಿ: ಯುಗಾದಿಗೆ ಮುಂಚೆಯೋ ಆಮೇಲೋ, ಕಾರಹುಣ್ಣಿಮೆ ಹೊತ್ತಿಗೋ, ಜೋಳದ ರಾಶಿ ನಡೆಯುವಾಗಲೋ, ಅಕ್ಕನಿಗಿಂತ ಎಷ್ಟು ಚಿಕ್ಕವಳು. ಹತ್ತು ನಿಮಿಷದಲ್ಲಿ ತಿಂಗಳು ಗೊತ್ತಾಗುತ್ತದೆ. ಘೋಷಣೆ ಬರೆದುಕೊಂಡು ಹೆಬ್ಬೆಟ್ಟು ಅಥವಾ ಸಹಿ ಪಡೆಯಿರಿ.

ಹೆಸರನ್ನು ಹೇಗೆ ಬರೆಯಬೇಕು? ಹಳೆಯ ಶಾಲೆಯ ದಾಖಲೆಯಲ್ಲಿದ್ದಂತೆಯೇ. ಅದು ಗೊತ್ತಿಲ್ಲದಿದ್ದರೆ ಆಧಾರ್‌ನಲ್ಲಿದ್ದಂತೆ. ನಮಗೆ ಸರಿ ಕಂಡಂತೆ ತಿದ್ದಿದ ಒಂದು ಅಕ್ಷರ ಮುಂದೆ ವಿದ್ಯಾರ್ಥಿವೇತನವನ್ನೇ ನಿಲ್ಲಿಸಬಲ್ಲದು.

ತರಗತಿ ವಯಸ್ಸಿಗೆ ತಕ್ಕದ್ದಾಗಿರಬೇಕು, ಇದು ಸೆಕ್ಷನ್ 4. ಹತ್ತು ವರ್ಷದ ಹುಡುಗನಿಗೆ ಓದಲು ಬರುವುದಿಲ್ಲ ಎಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವನು ಅವಮಾನದಿಂದಲೇ ಶಾಲೆ ಬಿಡುತ್ತಾನೆ. ಅವನನ್ನು ಸಮವಯಸ್ಕರ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಕೇಂದ್ರದ ಮಾದರಿ ನಿಯಮದ ಪ್ರಕಾರ ಇದು ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ.

9 ಮತ್ತು 10ನೇ ತರಗತಿಗೆ ಈ ರಕ್ಷಣೆ ನೇರವಾಗಿ ಸಿಗುವುದಿಲ್ಲ. ಅಲ್ಲಿ ಟಿಸಿ, ಪರೀಕ್ಷಾ ನೋಂದಣಿಯ ಕೊನೆಯ ದಿನಾಂಕ ಎರಡೂ ಮುಖ್ಯ. ಹತ್ತನೇ ತರಗತಿಯ ಮಗುವನ್ನು ನಡುವರ್ಷದಲ್ಲಿ ಕರೆತರುವ ಕುಟುಂಬಕ್ಕೆ ಊರ ಕಡೆಯ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಬಗ್ಗೆ ತಿಳಿಸಿ. ಪರೀಕ್ಷೆ ಮುಗಿಯುವವರೆಗೆ ಮಗು ಅಲ್ಲಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

*ತಪ್ಪುವ ಜಾಗ:* ‘ಕುಳಿತುಕೊಳ್ಳಲಿ, ಹೆಸರು ಆಮೇಲೆ ಬರೆಯೋಣ’ ಎನ್ನುವುದು. ದಯೆಯಂತೆ ಕಾಣುವ ಈ ಮಾತು ಮಗುವಿಗೆ ಹಾನಿ ಮಾಡುತ್ತದೆ. ರಿಜಿಸ್ಟರ್‌ನಲ್ಲಿ ಹೆಸರಿಲ್ಲದ ಮಗು ಹೋದರೂ ಯಾರೂ ಹುಡುಕುವುದಿಲ್ಲ. ಬಿಸಿಯೂಟವನ್ನಂತೂ ಮೊದಲ ದಿನದಿಂದಲೇ ಕೊಡಿ.

*ಶಾಲೆ ನಿರಾಕರಿಸಿದರೆ:* ಪೋಷಕರು ‘ನಿರಾಕರಿಸಿದ ಕಾರಣ ಬರೆದು ಕೊಡಿ’ ಎಂದು ಕೇಳಲಿ. ಅಷ್ಟಕ್ಕೇ ಹಲವು ಸಲ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಬಿಇಒಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಸೆಕ್ಷನ್ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಹಂತ 3: ಸ್ಯಾಟ್ಸ್ ಗಂಟು ಬಿಡಿಸುವುದು

ಕರ್ನಾಟಕದ ಶಾಲೆಯಲ್ಲಿ ಓದಿದ ಪ್ರತಿ ಮಗುವಿಗೂ ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ ಇರುತ್ತದೆ. ಊರಿನ ಶಾಲೆ ಆನ್‌ಲೈನ್‌ನಲ್ಲಿ ಟಿಸಿ ಕೊಟ್ಟು ಬಿಡುಗಡೆ ಮಾಡುವವರೆಗೆ ಮಗು ಅಲ್ಲಿಯ ಲೆಕ್ಕದಲ್ಲೇ ಇರುತ್ತದೆ. ಇಲ್ಲಿ ಕಾಗದದ ರಿಜಿಸ್ಟರ್‌ನಲ್ಲಿ ಹೆಸರಿದ್ದರೂ ಕಂಪ್ಯೂಟರ್‌ನಲ್ಲಿ ಮಗು ಇನ್ನೂ ದೇವದುರ್ಗದಲ್ಲೋ ಸುರಪುರದಲ್ಲೋ ಓದುತ್ತಿರುತ್ತದೆ.

ಕ್ರಮ ಹೀಗಿರಲಿ. ಪ್ರವೇಶ ಕೊಟ್ಟ ದಿನವೇ ಹಳೆಯ ಸ್ಯಾಟ್ಸ್ ಸಂಖ್ಯೆ ಹುಡುಕಿ. ಹಳೆಯ ಅಂಕಪಟ್ಟಿಯಲ್ಲಿ ಅದು ಇರುತ್ತದೆ, ಇಲ್ಲದಿದ್ದರೆ ಊರಿನ ಶಾಲೆಗೆ ಫೋನ್ ಮಾಡಿ. ಅಲ್ಲಿಯ ಮುಖ್ಯ ಶಿಕ್ಷಕರು ಹಿಂದೇಟು ಹಾಕಿದರೆ ಅವರ ಕಷ್ಟವೂ ಅರ್ಥವಾಗಬೇಕು. ಮಕ್ಕಳ ಸಂಖ್ಯೆ ಇಳಿದರೆ ಅವರ ಶಾಲೆಯ ಶಿಕ್ಷಕರೊಬ್ಬರು ‘ಹೆಚ್ಚುವರಿ’ ಪಟ್ಟಿಗೆ ಹೋಗಿ ಬೇರೆ ಶಾಲೆಗೆ ವರ್ಗವಾಗಬಹುದು. ಜಗಳಕ್ಕೆ ಇಳಿಯಬೇಡಿ. ಮಗು ಇಲ್ಲಿ ಹಾಜರಿದೆ ಎಂಬ ಪತ್ರ, ಪ್ರವೇಶ ರಿಜಿಸ್ಟರ್‌ನ ಪುಟದ ಫೋಟೊ ಕಳಿಸಿ. ಒಂದು ವಾರ ಕಾದು ನೋಡಿ. ಆಗದಿದ್ದರೆ ನಿಮ್ಮ ಬಿಇಒ ಮೂಲಕ ಆ ತಾಲೂಕಿನ ಬಿಇಒಗೆ ಬರೆಸಿ.

ಹೊರ ರಾಜ್ಯದ ಮಗುವಾದರೆ ಪೆನ್ ಸಂಖ್ಯೆ ಕೇಳಿ. ಇದು ಯುಡೈಸ್ ಪ್ಲಸ್ ಎಂಬ ಕೇಂದ್ರದ ಶಾಲಾ ಮಾಹಿತಿ ಜಾಲದಲ್ಲಿ ಪ್ರತಿ ವಿದ್ಯಾರ್ಥಿಗೆ ಇಡೀ ದೇಶಕ್ಕೆ ಒಂದೇ ಇರುವ ಶಾಶ್ವತ ಸಂಖ್ಯೆ. ಹಳೆಯ ಶಾಲೆ ಮಗುವನ್ನು ‘ಡ್ರಾಪ್ ಬಾಕ್ಸ್’ಗೆ (ಆ ಜಾಲದಲ್ಲಿ ಶಾಲೆ ಬಿಟ್ಟವರ ಪಟ್ಟಿ) ಹಾಕಿದ ಮೇಲೆ ನಿಮ್ಮ ಶಾಲೆ ಅಲ್ಲಿಂದ ಸೇರಿಸಿಕೊಳ್ಳಬಹುದು.

*ತಪ್ಪುವ ಜಾಗ:* ಕೆಲಸ ಬೇಗ ಮುಗಿಯಲೆಂದು ಹೊಸ ಸಂಖ್ಯೆ ಸೃಷ್ಟಿಸುವುದು. ಒಂದೇ ಮಗುವಿಗೆ ಎರಡು ಸಂಖ್ಯೆಯಾದರೆ ಮುಂದೆ ಪರೀಕ್ಷಾ ನೋಂದಣಿಯಲ್ಲಿ, ವಿದ್ಯಾರ್ಥಿವೇತನದಲ್ಲಿ ಒಂದೊಂದಾಗಿ ತೊಡಕು ಶುರುವಾಗುತ್ತದೆ. ಎಂದೂ ಶಾಲೆಗೆ ಹೋಗಿಲ್ಲದ ಮಗು ಎಂದು ಖಚಿತವಾದ ಮೇಲಷ್ಟೇ ಹೊಸ ಸಂಖ್ಯೆ.

ಹಂತ 4: ಮೊದಲ ಆರು ವಾರ

ಮಗು ಇಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಪಾಲು ಈ ದಿನಗಳಲ್ಲಿ ನಿರ್ಧಾರವಾಗುತ್ತದೆ.

ಒಂದರಿಂದ ಮೂರನೇ ತರಗತಿಯವರಿಗೆ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಇರುವುದು ದೊಡ್ಡ ಅನುಕೂಲ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಹತ್ತುವುದರಿಂದ ನವೆಂಬರ್‌ನಲ್ಲಿ ಬಂದ ಮಗು ‘ಹಿಂದೆ ಬಿದ್ದದ್ದು’ ಎನಿಸುವುದಿಲ್ಲ. ‘ರ ಗ ಸ ದ ಅ’ದಿಂದ ಶುರುಮಾಡಿ. ಐದೇ ಅಕ್ಷರ ಬಂದರೂ ಮಗು ‘ಅರಸ’, ‘ಸರ’, ‘ಗರಗಸ’ ಓದುತ್ತದೆ. ಓದಲು ಬಂತು ಎಂದು ಮೊದಲ ವಾರದಲ್ಲೇ ಅನ್ನಿಸಿದ ಮಗು ಸೋಮವಾರ ತಾನಾಗಿಯೇ ಎದ್ದು ಬರುತ್ತದೆ.

ನಾಲ್ಕರ ಮೇಲಿನವರಿಗೆ ಬೇರೆ ದಾರಿ. ಭಾಷೆ ಪರೀಕ್ಷಿಸುವ ಮೊದಲು ಲೆಕ್ಕ ಕೊಡಿ. ಭಾಗಾಕಾರ ಮಾಡುವ ಬಿಹಾರದ ಹುಡುಗನನ್ನು ಕನ್ನಡ ಬಾರದೆಂದು ‘ದಡ್ಡ’ ಎಂದುಕೊಳ್ಳುವುದು ನಮ್ಮ ತರಗತಿಗಳಲ್ಲಿ ನಿತ್ಯ ನಡೆಯುವ ಅನ್ಯಾಯ. ದಿನಕ್ಕೆ ಒಂದು ಅವಧಿ ಮಾತಿನ ಕನ್ನಡಕ್ಕೆ ಮೀಸಲಿಡಿ. ಮೊದಲು ಶಾಲೆಯಲ್ಲಿ ಬದುಕಲು ಬೇಕಾದ ಮಾತುಗಳು: ‘ನೀರು ಕುಡಿದು ಬರ್ತೀನಿ’, ‘ಹೊಟ್ಟೆ ನೋಯ್ತಿದೆ’, ‘ಇನ್ನೊಂದು ಸಲ ಹೇಳಿ ಮಿಸ್’, ‘ಅವನು ಹೊಡೆದ’. ಅಕ್ಷರಮಾಲೆ ಇದರ ಜೊತೆಯಲ್ಲಿ ನಡೆಯಲಿ. ಅದೇ ಭಾಷೆಯ ಇನ್ನೊಂದು ಮಗುವಿನ ಪಕ್ಕ ಕೂರಿಸಿ, ಆದರೆ ಆ ಗುಂಪನ್ನು ಹಿಂದಿನ ಬೆಂಚಿಗೆ ತಳ್ಳಬೇಡಿ. ನಗರದಲ್ಲಿ ಉರ್ದು, ತಮಿಳು ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಹತ್ತಿರದಲ್ಲಿದ್ದರೆ ಪೋಷಕರಿಗೆ ತಿಳಿಸಿ, ಆಯ್ಕೆ ಅವರದು.

ಕನ್ನಡವೇ ಮನೆಮಾತಾದ ಮಕ್ಕಳ ಬಗ್ಗೆ ಒಂದು ಮಾತು. ‘ಹೋಗಾಕ ಬಿಡ್ರೀ ಸರ’ ಎಂದ ಯಾದಗಿರಿಯ ಹುಡುಗಿಯನ್ನು ನೋಡಿ ತರಗತಿ ನಕ್ಕರೆ, ಆ ದಿನದಿಂದ ಅವಳು ಬಾಯಿ ಬಿಡುವುದಿಲ್ಲ. ಶಿಕ್ಷಕರು ಆ ಕ್ಷಣವೇ ತಡೆಯಬೇಕು. ಮಾನಸಿಕ ಹಿಂಸೆಯನ್ನು ಸೆಕ್ಷನ್ 17 ನಿಷೇಧಿಸಿದೆ.

ಪಠ್ಯಪುಸ್ತಕಗಳು ನಡುವರ್ಷದಲ್ಲಿ ಸಾಲುವುದಿಲ್ಲ, ಯಾಕೆಂದರೆ ಬೇಡಿಕೆಯನ್ನು ಮೊದಲೇ ಕಳಿಸಿರುತ್ತೇವೆ. ವರ್ಷದ ಕೊನೆಯಲ್ಲಿ ಹಳೆಯ ಪುಸ್ತಕಗಳನ್ನು ಮರಳಿ ಪಡೆದು ತರಗತಿಗೆ ಐದೈದು ಸೆಟ್ ಕಟ್ಟಿಡಿ. ಸಿಆರ್‌ಪಿ ಮೂಲಕ ಪಕ್ಕದ ಶಾಲೆಗಳಲ್ಲೂ ವಿಚಾರಿಸಬಹುದು. ಸಮವಸ್ತ್ರವಿಲ್ಲವೆಂದು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುವುದು ಬೇಡವೇ ಬೇಡ.

ಹಂತ 5: ಹಾಜರಿ ಮತ್ತು ಎಚ್ಚರಿಕೆಯ ಸೂಚನೆಗಳು

ಒಂದು ದಿನ ಬಾರದಿದ್ದರೆ ಪಕ್ಕದ ಶೆಡ್ಡಿನ ಮಗುವನ್ನು ಕೇಳಿ. ಎರಡನೆಯ ದಿನ ಫೋನ್. ಮೂರನೆಯ ದಿನ ಮನೆಗೆ. ವಾರ ಕಾದರೆ ಶೆಡ್ಡೇ ಇರುವುದಿಲ್ಲ.

ಸೋಮವಾರ ಮಾತ್ರ ತಪ್ಪುವ ಮಗು ಹೆಚ್ಚಾಗಿ ಊರಿಗೋ ಸಂತೆಗೋ ಹೋಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಹುಡುಗಿ ವಾರದಲ್ಲಿ ಎರಡು ಮೂರು ದಿನ ತಪ್ಪುತ್ತಿದ್ದರೆ ಮನೆಯಲ್ಲಿ ಕೂಸಿದೆ ಎಂದು ತಿಳಿಯಿರಿ. ಅದಕ್ಕೆ ಪರಿಹಾರ ಅಂಗನವಾಡಿಯಲ್ಲಿದೆ. ತಮ್ಮನಿಗೆ ಅಲ್ಲಿ ಜಾಗ ಸಿಕ್ಕರೆ ಅಕ್ಕ ಶಾಲೆಗೆ ಬರುತ್ತಾಳೆ. ಅದಕ್ಕೇ ಶೆಡ್ಡಿಗೆ ಹೋದ ದಿನವೇ ಚಿಕ್ಕ ಮಕ್ಕಳ ಲೆಕ್ಕ ಕೇಳಿದ್ದು. 50ಕ್ಕಿಂತ ಹೆಚ್ಚು ಮಹಿಳೆಯರು ಕೆಲಸ ಮಾಡುವ ಸೈಟಿನಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಎಸ್‌ಡಿಎಂಸಿ ಶಿಶುಪಾಲನೆಯ ಹೊಣೆಯನ್ನು ಗುತ್ತಿಗೆದಾರರಿಗೆ ಪತ್ರದಲ್ಲಿ ನೆನಪಿಸಬಹುದು.

ಕೈಯಲ್ಲಿ ಸಿಮೆಂಟ್ ಸುಟ್ಟ ಗಾಯ, ತರಗತಿಯಲ್ಲಿ ತೂಕಡಿಕೆ, ‘ಅಪ್ಪನ ಜೊತೆ ಹೋಗಿದ್ದೆ’ ಎಂಬ ಉತ್ತರ ಪದೇ ಪದೇ ಬಂದರೆ ಮಗು ಕೆಲಸಕ್ಕೆ ಇಳಿದಿದೆ. ಮೊದಲು ಪೋಷಕರ ಜೊತೆ ಮಾತು. ಗುತ್ತಿಗೆದಾರ ಅಥವಾ ಸಾಲ ಕೊಟ್ಟವನು ಮಗುವನ್ನು ದುಡಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ತಡಮಾಡಬೇಡಿ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಶಾಲೆಯ ಹೆಸರು ಕೆಡುತ್ತದೆ’ ಎಂದು ಮುಚ್ಚಿಡುವುದು ಅಪರಾಧ.

ಹಂತ 6: ವಿಚಾರಣೆ, ತೆರವು, ಅನುಮಾನದ ದಿನಗಳಲ್ಲಿ

ಪೌರತ್ವ ಪರೀಕ್ಷಿಸುವುದು ಶಿಕ್ಷಕರ ಕೆಲಸವಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಮಗು’ ಎಂದರೆ 6ರಿಂದ 14 ವರ್ಷದ ಬಾಲಕ ಅಥವಾ ಬಾಲಕಿ, ಅಷ್ಟೇ. ರೊಹಿಂಗ್ಯಾ ಮಕ್ಕಳ ವಿಷಯದಲ್ಲಿ ಕೂಡ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ, ಅವರು ಮೊದಲು ಸರ್ಕಾರಿ ಶಾಲೆಗೆ ಹೋಗಲಿ, ನಿರಾಕರಿಸಿದರೆ ಹೈಕೋರ್ಟ್‌ಗೆ ಹೋಗಬಹುದು ಎಂದಿತು. ವಿದೇಶಿ ಪ್ರಜೆ ಎಂದು ದಾಖಲೆಯಿಂದಲೇ ಗೊತ್ತಿರುವ ಮಗುವಿನ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವ ಹೊಣೆ ಶಿಕ್ಷಣ ಸಂಸ್ಥೆಗಳಿಗಿದೆ. ಅದನ್ನು ಬಿಇಒ ಕಚೇರಿಯ ಲಿಖಿತ ಸೂಚನೆಯಂತೆ ಮಾಡಿ, ಪ್ರವೇಶವನ್ನು ಅದಕ್ಕೆ ಕಟ್ಟಿಹಾಕಬೇಡಿ. ಬಂಗಾಳಿ ಮಾತಾಡುತ್ತದೆ ಎಂಬುದಾಗಲಿ, ತಂದೆ ಚಿಂದಿ ಆಯುತ್ತಾನೆ ಎಂಬುದಾಗಲಿ ಯಾವ ದಾಖಲೆಯೂ ಅಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶದವರು’ ಎಂಬ ಆರೋಪದ ನಡುವೆ ಶೆಡ್ಡುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು.

ಶಾಲೆಯಲ್ಲಿ ಪಾಲಿಸಬೇಕಾದ ನಿಯಮ ಸರಳ. ಮಕ್ಕಳ ಪಟ್ಟಿ, ವಿಳಾಸ, ಫೋನ್ ನಂಬರ್ ಯಾರು ಬಾಯಿಮಾತಲ್ಲಿ ಕೇಳಿದರೂ ಕೊಡಬೇಡಿ, ಅವರು ಪಕ್ಷದ ಕಾರ್ಯಕರ್ತರಾಗಲಿ, ಜಾಗದ ಮಾಲೀಕರಾಗಲಿ. ಪೊಲೀಸರು ಬಂದರೆ ಗೌರವದಿಂದ ಕೂರಿಸಿ, ಲಿಖಿತ ಕೋರಿಕೆ ಪಡೆದು ಬಿಇಒಗೆ ತಿಳಿಸಿ. ಮಗುವನ್ನು ತರಗತಿಯಿಂದ ಎಬ್ಬಿಸಿ ಒಂಟಿಯಾಗಿ ವಿಚಾರಿಸಲು ಬಿಡಬೇಡಿ, ಪೋಷಕರನ್ನು ಕರೆಸಿ. ಮಕ್ಕಳ ಫೋಟೊಗಳನ್ನು ವಿಳಾಸ ಗೊತ್ತಾಗುವಂತೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದನ್ನೂ ನಿಲ್ಲಿಸಿ.

ತೆರವು ನಡೆಯುವ ಸುದ್ದಿ ಬಂದರೆ ಅದೇ ದಿನ ಎಲ್ಲ ಮಕ್ಕಳಿಗೂ ವ್ಯಾಸಂಗ ಪ್ರಮಾಣ ಪತ್ರ ಬರೆದು ಕೊಡಿ, ಪ್ರವೇಶದ ದಿನಾಂಕ ಸಹಿತ. ಕುಟುಂಬ ಇಲ್ಲಿ ಎಷ್ಟು ದಿನದಿಂದ ಇದೆ ಎಂದು ತೋರಿಸಲು ಎಷ್ಟೋ ಸಲ ಇದೊಂದೇ ಕಾಗದ ಉಳಿದಿರುತ್ತದೆ. ಅವರ ದಾಖಲೆಗಳ ನಕಲನ್ನೂ ಶಾಲೆಯ ಬೀರುವಿನಲ್ಲಿ ಇಟ್ಟುಕೊಳ್ಳಿ.

ಹಂತ 7: ಕುಟುಂಬಕ್ಕೆ ಸಿಗಬೇಕಾದದ್ದು

ಇದು ಶಾಲೆಯ ಮುಖ್ಯ ಕೆಲಸವಲ್ಲ, ಪೋಷಕರ ಸಭೆಯ ಅರ್ಧ ಗಂಟೆ ಸಾಕು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್: ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನೋಂದಾಯಿತರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಊರಿನ ಕಾರ್ಡ್‌ನಿಂದಲೇ ಇಲ್ಲಿ ಪಡಿತರ ಪಡೆಯಬಹುದು. ಕರ್ನಾಟಕದವರ ಜಾತಿ-ಆದಾಯ ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆಯನ್ನು (ಪತ್ರದ ಮೇಲಿರುವ ಗುರುತಿನ ಸಂಖ್ಯೆ) ‘ಬಂದವರು-ಹೋದವರು’ ಪುಸ್ತಕದಲ್ಲಿ ಬರೆದಿಟ್ಟರೆ ಊರಿಗೆ ಓಡುವುದು ತಪ್ಪುತ್ತದೆ.

ಎಸ್‌ಡಿಎಂಸಿಗೆ ವಲಸೆ ಕುಟುಂಬದ ಒಬ್ಬ ತಾಯಿಯನ್ನಾದರೂ ಸೇರಿಸಿ, ಸಭೆಯನ್ನು ಅವರಿಗೆ ಬಿಡುವಿರುವ ಹೊತ್ತಿಗೆ ಕರೆಯಿರಿ.

ಹಂತ 8: ಕುಟುಂಬ ಹೊರಡುವಾಗ

ಕೊನೆಯ ಸ್ಲ್ಯಾಬ್ ಬಿದ್ದು ಗಾರೆ ಕೆಲಸ ಮುಗಿಯುತ್ತ ಬಂದರೆ ಹೊರಡುವ ಕಾಲ ಹತ್ತಿರ ಬಂತು. ಮಗು ಪುಸ್ತಕಗಳನ್ನೆಲ್ಲ ಮನೆಗೆ ಒಯ್ಯುತ್ತದೆ, ಗೆಳತಿಯರಿಗೆ ‘ಊರಿಗೆ ಹೋಗ್ತೀವಿ’ ಎನ್ನುತ್ತದೆ. ಪ್ರವೇಶದ ದಿನವೇ ಪೋಷಕರಿಗೆ ಹೇಳಿರಬೇಕು: ಹೋಗುವುದಕ್ಕೆ ಎರಡು ದಿನ ಮೊದಲು ಒಂದು ಫೋನ್ ಮಾಡಿ, ಟಿಸಿಗೆ ದುಡ್ಡಿಲ್ಲ, ಬೈಗುಳವಿಲ್ಲ.

ಕೇಳಿದ ದಿನವೇ ಟಿಸಿ ಕೊಟ್ಟು ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡಿ. ನಿಮಗೆ ಊರಿನ ಶಾಲೆ ಮಾಡಿದ ತೊಂದರೆಯನ್ನು ಮುಂದಿನ ಶಾಲೆಗೆ ನೀವು ಮಾಡಬೇಡಿ. ಜೊತೆಗೆ ಒಂದು ಪುಟ ಬರೆದು ಕಳಿಸಿ: ಮಗು ಯಾವ ಮೆಟ್ಟಿಲಲ್ಲಿದೆ, ಏನು ಓದುತ್ತದೆ, ಯಾವ ಲೆಕ್ಕ ಬರುತ್ತದೆ, ಸ್ಯಾಟ್ಸ್ ಮತ್ತು ಪೆನ್ ಸಂಖ್ಯೆ, ನಿಮ್ಮ ಶಾಲೆಯ ಫೋನ್ ನಂಬರ್. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೇ ಕೊಡಿ.

ಹೇಳದೆ ಹೋದವರಿಗೆ ಊರಿನ ಆ ಎರಡನೆಯ ನಂಬರ್‌ಗೆ ಫೋನ್ ಮಾಡಿ. ಮಗು ಎಲ್ಲಿದೆ, ಶಾಲೆಗೆ ಸೇರಿತೇ ಎಂದು ಕೇಳಿ. ಸೇರಿಲ್ಲವೆಂದರೆ ಅಲ್ಲಿಯ ಬಿಇಒ ಕಚೇರಿಗೆ ತಿಳಿಸಿ. ಸೇರಿತು ಎಂಬ ಉತ್ತರ ಬಂದ ಮೇಲಷ್ಟೇ ಪುಸ್ತಕದಲ್ಲಿ ಆ ಸಾಲಿನ ಎದುರು ಗೆರೆ ಎಳೆಯಿರಿ.